ತುಕ್ಕು ಹಿಡಿದದ್ದನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಹೇಗೆ?

ಕ್ಯಾಮೆರಾ ತೆಗೆಯುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಮನೆಯಲ್ಲಿ ತುಕ್ಕು ಹಿಡಿದದ್ದು ಏನಾದರೂ ಒಂದು ಹುಡುಕಿ. ಹಳೇ ಬೀಗ, ಬಗ್ಗಿದ ಮೊಳೆ, ಮೂಲೆಗೆ ಬಿದ್ದ ಸೈಕಲ್ ಚೈನು, ಯಾವುದಾದರೂ ಸರಿ. ಅದನ್ನು ಕಿಟಕಿ ಪಕ್ಕ ಇಟ್ಟು ಎರಡು ನಿಮಿಷ ಸುಮ್ನೆ ನೋಡಿ. ಎಷ್ಟು ಬಣ್ಣ ಕಾಣುತ್ತವೆ ಅಂತ ಎಣಿಸಿ.

ಈಗ ನನ್ನ ಮೇಜಿನ ಮೇಲಿರುವುದು ಒಂದು ಬೀಗ. ಅದರ ಕೀಲಿ ಕಳೆದು ಎಷ್ಟೋ ವರ್ಷವಾಯಿತು. ಮೇಲಿನ ಕೊಂಡಿ ಕೈ ತಾಗಿ ತಾಗಿ ಕಪ್ಪಗೆ ನುಣುಪಾಗಿದೆ. ಕೆಳಗಿನ ಅಂಚಿನಲ್ಲಿ, ನೀರಿನ ಹನಿ ನಿಲ್ಲುತ್ತಿದ್ದ ಜಾಗದಲ್ಲಿ, ಕಿತ್ತಳೆ ಬಣ್ಣದ ಪುಡಿ. ಕೀಲಿ ತೂತಿನ ಸುತ್ತ ಅರಿಶಿನದಂಥ ಒಂದು ತೆಳು ಉಂಗುರ. ನಡುವೆ ಇಟ್ಟಿಗೆ ಕೆಂಪು. ಅದರ ಮೇಲೆ ಗಾಯದ ಹಕ್ಕಳೆಯ ಹಾಗೆ ಎದ್ದು ನಿಂತ ಕಗ್ಗಂದು ಪದರ. ಒಂದು ಅಂಗೈಯಗಲದ ಬೀಗದಲ್ಲಿ ಐದು ಬಣ್ಣ. ನಾವು ಇದನ್ನೆಲ್ಲ 'ತುಕ್ಕಿನ ಬಣ್ಣ' ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತೇವೆ. ಕ್ಯಾಮೆರಾ ಕೂಡ, ಅದರ ಪಾಡಿಗೆ ಬಿಟ್ಟರೆ, ಅದನ್ನೇ ಮಾಡುತ್ತದೆ. ಐದನ್ನೂ ಕಲಸಿ ಒಂದು ಮಂಕು ಕಂದು ಮಾಡಿ ಕೊಡುತ್ತದೆ. ಆ ಐದನ್ನು ಬೇರೆ ಬೇರೆಯಾಗಿ ಉಳಿಸಿಕೊಳ್ಳುವುದೇ ತುಕ್ಕಿನ ಫೋಟೋದ ಕೆಲಸ. ಈ ಲೇಖನದಲ್ಲಿ ಹೇಳಿರುವುದೆಲ್ಲ ಅದಕ್ಕೇ.

ಮೊದಲ ಹೆಜ್ಜೆ: ಎಂಥ ತುಕ್ಕು ಅಂತ ಗುರುತಿಸಿ

ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ. ಈ ಮೂರು ಸೇರಿದರೆ ತುಕ್ಕು. ಉಪ್ಪು ಸೇರಿದರೆ ಇನ್ನೂ ಬೇಗ. ಅದಕ್ಕೇ ಸಮುದ್ರದ ದಡದಲ್ಲಿ ಗೇಟು, ಗ್ರಿಲ್ಲು ಯಾವುದೂ ಹೆಚ್ಚು ದಿನ ಬಾಳುವುದಿಲ್ಲ. ಫೋಟೋ ತೆಗೆಯುವವರಿಗೆ ಮಾತ್ರ ಅಲ್ಲಿ ಹಬ್ಬ.

ರಸಾಯನ ವಿಜ್ಞಾನದ ಪ್ರಕಾರ ತುಕ್ಕು ಅಂದರೆ ಒಂದೇ ವಸ್ತು ಅಲ್ಲ. ಕಬ್ಬಿಣದ ಹಲವು ಆಕ್ಸೈಡ್‌ಗಳ ಮಿಶ್ರಣ. ಹೊಸ ತುಕ್ಕಿನಲ್ಲಿ ಹೆಚ್ಚಾಗಿ ಇರುವುದು ಲೆಪಿಡೊಕ್ರೊಸೈಟ್. ಅದರದು ಹೊಳಪಿನ ಕಿತ್ತಳೆ. ಕಾಲ ಕಳೆದ ಹಾಗೆ ಗೊಥೈಟ್ ಹೆಚ್ಚುತ್ತದೆ, ಬಣ್ಣ ಹಳದಿ ಬೆರೆತ ಕಂದಿಗೆ ತಿರುಗುತ್ತದೆ. ಹೆಮಟೈಟ್ ಇದ್ದರೆ ಕೆಂಪು. ಗಾಳಿ ಸರಿಯಾಗಿ ತಾಗದ ಒಳಪದರದಲ್ಲಿ ಮ್ಯಾಗ್ನೆಟೈಟ್, ಅದು ಕಪ್ಪು. ಈ ಹೆಸರುಗಳನ್ನು ನೆನಪಿಡಬೇಕಿಲ್ಲ. ಕಿತ್ತಳೆ ಅಂದರೆ ಸಾಮಾನ್ಯವಾಗಿ ಎಳೆಯದು, ಕಂದು ಅಂದರೆ ಮಾಗಿದ್ದು, ಕಪ್ಪು ಅಂದರೆ ಒಳಗಿನದು. ಇಷ್ಟು ತಲೆಯಲ್ಲಿದ್ದರೆ ಸಾಕು. ಒಂದೇ ವಸ್ತುವಿನ ಮೇಲೆ ಈ ಮೂರೂ ಪಕ್ಕಪಕ್ಕ ಕಾಣುವ ಜಾಗ ಹುಡುಕಿ. ಫೋಟೋ ಇರುವುದು ಅಲ್ಲೇ.

ಇನ್ನೊಂದು ವಿಷಯ ತಿಳಿದಿದ್ದರೆ ಒಳ್ಳೆಯದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಜಾಗ ಬೇಡುತ್ತದೆ. ಅದಕ್ಕೇ ಅದು ಉಬ್ಬುತ್ತದೆ, ಬಣ್ಣವನ್ನು ಒಳಗಿನಿಂದ ಎತ್ತುತ್ತದೆ, ಕಾಂಕ್ರೀಟನ್ನೂ ಸೀಳುತ್ತದೆ, ಕೊನೆಗೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಅಂದರೆ ತುಕ್ಕಿಗೆ ಬಣ್ಣದ ಜೊತೆಗೆ ಎತ್ತರ ತಗ್ಗೂ ಇದೆ. ಬೆಳಕಿನ ವಿಷಯಕ್ಕೆ ಬಂದಾಗ ಇದು ಕೆಲಸಕ್ಕೆ ಬರುತ್ತದೆ.

ತಾಮ್ರ, ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲ, ಕಿಲುಬು ಹಿಡಿಯುತ್ತದೆ. ಅದು ಹಸಿರು. ತುಕ್ಕು ಹಿಡಿದ ಕಬ್ಬಿಣದ ಪಕ್ಕದಲ್ಲೇ ಕಿಲುಬು ಹಿಡಿದ ತಾಮ್ರದ ತುಂಡೊಂದು ಸಿಕ್ಕರೆ ಬಿಡಬೇಡಿ. ಆ ಎರಡು ಬಣ್ಣಗಳ ಜೋಡಿ ಬಲು ಚೆಂದ.

ಎರಡನೆಯದು: ಬಿಳಿಯ ಲೆಕ್ಕ ಕ್ಯಾಮೆರಾಕ್ಕೆ ಬಿಡಬೇಡಿ

ಈ ಪಾಠ ನಾನು ಒಂದು ಬೆಳಿಗ್ಗೆ ಪೂರ್ತಿ ಕಳೆದುಕೊಂಡು ಕಲಿತದ್ದು. ಒಂದು ಹಳೇ ಲಾರಿಯ ಪಕ್ಕ ಎರಡು ಗಂಟೆ ಕೂತು ನೂರಕ್ಕೂ ಹೆಚ್ಚು ಫೋಟೋ ತೆಗೆದೆ. ಬಾಗಿಲಿನ ತುಂಬ ತುಕ್ಕು, ಕಣ್ಣಿಗೆ ಬೆಂಕಿಯ ಹಾಗೆ ಕಾಣುತ್ತಿತ್ತು. ಮನೆಗೆ ಬಂದು ನೋಡಿದರೆ ಎಲ್ಲ ಫೋಟೋಗಳೂ ಒಣಗಿದ ಕೆಸರಿನ ಬಣ್ಣ. ಒಂದೊಂದು ಫೋಟೋದಲ್ಲಿ ಒಂದೊಂದು ಥರ ಬೇರೆ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣ ಏನೇ ಇದ್ದರೂ ಬಿಳಿ ಬಿಳಿಯಾಗಿಯೇ ಕಾಣಲಿ ಅಂತ ಕ್ಯಾಮೆರಾ ಮಾಡುವ ಲೆಕ್ಕ) ಆಟೋದಲ್ಲಿತ್ತು. ಸಾಲದ್ದಕ್ಕೆ ಜೆಪೆಗ್‌ನಲ್ಲಿ, ಅಂದರೆ ಕ್ಯಾಮೆರಾ ತಾನೇ ತಿದ್ದಿ ಕುಗ್ಗಿಸಿ ಕೊಡುವ ಫೈಲಿನಲ್ಲಿ ಮಾತ್ರ ತೆಗೆದಿದ್ದೆ.

ಆಗಿದ್ದು ಇಷ್ಟೇ. ಫ್ರೇಮಿನ ತುಂಬ ಕಿತ್ತಳೆಯೇ ಇದ್ದಾಗ, ಬೆಳಕೇ ಕಿತ್ತಳೆಯಾಗಿದೆ ಅಂತ ಕ್ಯಾಮೆರಾ ತಪ್ಪು ತಿಳಿಯುತ್ತದೆ. ಅದನ್ನು ಸರಿಮಾಡಲು ನೀಲಿ ಬೆರೆಸುತ್ತದೆ. ನಿಮ್ಮ ತುಕ್ಕು ಅಲ್ಲಿಗೆ ಮುಗಿಯಿತು.

ಹಾಗಾಗಿ ವೈಟ್ ಬ್ಯಾಲೆನ್ಸನ್ನು ಡೇಲೈಟ್‌ಗೆ ಇಡಿ. ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಅಂಕಿ ಹಾಕುವ ಸೌಲಭ್ಯ ಇದ್ದರೆ 5200ರಿಂದ 5500. ಮೋಡ ಕವಿದಿದ್ದರೆ 6000ದಿಂದ 6500. ಹಾಕಿದ ಮೇಲೆ ಆ ಜಾಗ ಬಿಡುವವರೆಗೆ ಬದಲಾಯಿಸಬೇಡಿ. ಎಲ್ಲ ಫೋಟೋದಲ್ಲೂ ಬಣ್ಣ ಒಂದೇ ಥರ ಬಂದರೆ, ಆಮೇಲೆ ತಿದ್ದುವಾಗ ಒಂದನ್ನು ಸರಿಮಾಡಿ ಉಳಿದವಕ್ಕೆ ಅದನ್ನೇ ಹಾಕಬಹುದು. ಗ್ರೇ ಕಾರ್ಡ್ (ಬಣ್ಣ ಸರಿಮಾಡಲು ಬಳಸುವ ಬೂದು ಹಲಗೆ) ಇದ್ದರೆ ಮೊದಲ ಒಂದು ಫೋಟೋದಲ್ಲಿ ಅದನ್ನು ಪಕ್ಕದಲ್ಲಿಟ್ಟು ತೆಗೆದುಬಿಡಿ. ಮತ್ತೆ, ರಾ ಫೈಲ್‌ನಲ್ಲೇ, ಅಂದರೆ ಕ್ಯಾಮೆರಾ ತಿದ್ದದೆ ಕೊಡುವ ಕಚ್ಚಾ ಫೈಲಿನಲ್ಲೇ ತೆಗೆಯಿರಿ. ಇದರಲ್ಲಿ ಚೌಕಾಸಿ ಬೇಡ.

ಇನ್ನು ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾದೊಳಕ್ಕೆ ಬಿಡುವ ಬೆಳಕಿನ ಪ್ರಮಾಣ. ತುಕ್ಕು ಕಪ್ಪು ಜಾತಿಯದು, ಬೆಳಕನ್ನು ಕಮ್ಮಿ ಹಿಂದಿರುಗಿಸುತ್ತದೆ. ಕ್ಯಾಮೆರಾದ ಮೀಟರು ಇದನ್ನು ನೋಡಿ 'ಕತ್ತಲಾಗಿದೆ' ಅಂತ ಬೆಳಕು ಹೆಚ್ಚಿಸುತ್ತದೆ. ಆಗ ಗಾಢ ಬಣ್ಣಗಳೆಲ್ಲ ಸುಣ್ಣ ಬಳಿದ ಹಾಗೆ ತೆಳ್ಳಗಾಗುತ್ತವೆ. ಈ ಬೆಳಕನ್ನು ಹೆಚ್ಚು ಕಮ್ಮಿ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ನನ್ನು ಮೈನಸ್ 0.3ರಿಂದ 0.7ರವರೆಗೆ ಇಳಿಸಿ ನೋಡಿ. ಹಿಸ್ಟೋಗ್ರಾಮ್ (ಫೋಟೋದಲ್ಲಿ ಕತ್ತಲು ಎಷ್ಟು, ಬೆಳಕು ಎಷ್ಟು ಅಂತ ತೋರಿಸುವ ಗ್ರಾಫ್; ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು) ನೋಡುವಾಗ ಬಿಳಿ ಗೆರೆಯದ್ದೊಂದನ್ನೇ ನೋಡಬೇಡಿ. ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ತೋರಿಸುವುದನ್ನು ಹಾಕಿಕೊಳ್ಳಿ. ತುಕ್ಕಿನಲ್ಲಿ ಕೆಂಪು ಎಲ್ಲಕ್ಕಿಂತ ಮೊದಲು ಬಲ ಅಂಚಿಗೆ ಹೋಗಿ ಡಿಕ್ಕಿ ಹೊಡೆಯುತ್ತದೆ. ಒಟ್ಟು ಹಿಸ್ಟೋಗ್ರಾಮ್ ಸರಿಯಾಗಿದ್ದರೂ ಕಿತ್ತಳೆ ಜಾಗದಲ್ಲಿ ವಿವರ ಏನೂ ಉಳಿದಿರುವುದಿಲ್ಲ, ಬಣ್ಣದ ಪೇಪರ್ ಅಂಟಿಸಿದ ಹಾಗೆ ಕಾಣುತ್ತದೆ. ಸಂಜೆ ಬಿಸಿಲಿನಲ್ಲಿ ಇದು ಇನ್ನೂ ಜಾಸ್ತಿ.

ಮೊಬೈಲಿನಲ್ಲಿ ತೆಗೆಯುವವರು ಬಣ್ಣವನ್ನು ತಾನಾಗಿ ಏರಿಸುವ 'ಸೀನ್' ಅಥವಾ 'ಎಐ' ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ. ತುಕ್ಕಿನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಷರ್ ಲಾಕ್ ಮಾಡಿ. ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಇಷ್ಟಕ್ಕೇ ಅರ್ಧ ಸಮಸ್ಯೆ ಕಡಿಮೆಯಾಗುತ್ತದೆ.

ಬೆಳಕು

ಸಂಜೆಯ ಹೊಂಬಿಸಿಲಿನಲ್ಲಿ ತುಕ್ಕು ಚೆನ್ನಾಗಿ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಕಿತ್ತಳೆ ವಸ್ತುವಿನ ಮೇಲೆ ಕಿತ್ತಳೆ ಬೆಳಕು ಬಿದ್ದರೆ ಏನಾಗುತ್ತದೆ? ಎಲ್ಲವೂ ಕಿತ್ತಳೆ ಆಗುತ್ತದೆ. ಹಳದಿ ಉಂಗುರ, ಇಟ್ಟಿಗೆ ಕೆಂಪು, ಕಗ್ಗಂದು, ಎಲ್ಲ ಒಂದರೊಳಗೊಂದು ಕರಗಿಹೋಗುತ್ತವೆ. ನೋಡಲು ಹಿತ, ಆದರೆ ನಾವು ಹುಡುಕುತ್ತಿದ್ದ ಐದು ಬಣ್ಣ ಮಾಯ.

ಬಣ್ಣ ಬಿಡಿಸಿ ತೋರಿಸಬೇಕಾದರೆ ತೆಳು ಮೋಡದ ದಿನ ಹೋಗಿ. ನೆರಳು ಗಟ್ಟಿಯಾಗಿ ಬೀಳುವುದಿಲ್ಲ, ಹೊಳಪು ಚುಚ್ಚುವುದಿಲ್ಲ, ಬಣ್ಣ ತನ್ನಷ್ಟಕ್ಕೆ ತಾನು ನಿಲ್ಲುತ್ತದೆ. ಬಿಸಿಲಿದ್ದರೆ ಕಟ್ಟಡದ ನೆರಳಿನ ಬದಿ ಹುಡುಕಿ, ಅಥವಾ ನೀವೇ ಒಂದು ಬಿಳಿ ಬಟ್ಟೆಯನ್ನು ಬಿಸಿಲಿಗೆ ಅಡ್ಡ ಹಿಡಿಯಿರಿ. ಸೂರ್ಯ ಮುಳುಗಿದ ಮೇಲಿನ ಹತ್ತಿಪ್ಪತ್ತು ನಿಮಿಷವೂ ಒಳ್ಳೆಯದು. ಆಗ ಸುತ್ತಲಿನದೆಲ್ಲ ನೀಲಿಗೆ ತಿರುಗುತ್ತದೆ, ತುಕ್ಕು ಮಾತ್ರ ಬೆಚ್ಚಗೆ ಉಳಿಯುತ್ತದೆ. ಟ್ರೈಪಾಡ್ ಬೇಕಾಗುತ್ತದೆ, ಅಷ್ಟೇ.

ಮೈಯ ಉಬ್ಬು ತಗ್ಗು ತೋರಿಸಬೇಕು ಅಂದರೆ ಲೆಕ್ಕ ಬೇರೆ. ಆಗ ಬೆಳಕು ಮಗ್ಗುಲಿನಿಂದ, ಮೈಯನ್ನು ಸವರಿಕೊಂಡು ಹೋಗುವ ಹಾಗೆ ಬರಬೇಕು. ಬೆಳಗಿನ ಬಿಸಿಲು ಗೋಡೆಯನ್ನು ಓರೆಯಾಗಿ ಸವರುವ ಹೊತ್ತಿಗೆ ಹೋಗಿ. ಒಂದೊಂದು ಚಕ್ಕೆಯೂ ತನ್ನ ನೆರಳು ಬೀಳಿಸುತ್ತದೆ, ತುಕ್ಕು ನಕಾಶೆಯ ಬೆಟ್ಟಗುಡ್ಡದ ಹಾಗೆ ಎದ್ದು ಕಾಣುತ್ತದೆ. ಮನೆಯೊಳಗೆ ಇದನ್ನೇ ಒಂದು ಟಾರ್ಚಿನಿಂದ ಮಾಡಬಹುದು. ಟಾರ್ಚನ್ನು ವಸ್ತುವಿನ ಪಕ್ಕದಲ್ಲಿ ಮೇಜಿಗೆ ಮಲಗಿಸಿ, ಬೆಳಕು 10–20 ಡಿಗ್ರಿಯಷ್ಟು ಓರೆಯಲ್ಲಿ ಬೀಳಲಿ. ಎದುರು ಬದಿಗೆ ಒಂದು ಬಿಳಿ ಕಾಗದ ನಿಲ್ಲಿಸಿದರೆ ನೆರಳು ತೀರಾ ಕಪ್ಪಾಗುವುದಿಲ್ಲ.

ಒಂದು ಎಚ್ಚರಿಕೆ. ಅಗ್ಗದ ಎಲ್‌ಇಡಿ ದೀಪಗಳಲ್ಲಿ ಗಾಢ ಕೆಂಪು ಕಮ್ಮಿ ಇರುತ್ತದೆ. ಅದರ ಕೆಳಗೆ ಇಟ್ಟ ತುಕ್ಕು ಬೂದಿ ಹಿಡಿದ ಹಾಗೆ ಕಾಣುತ್ತದೆ, ಆಮೇಲೆ ಎಷ್ಟು ತಿದ್ದಿದರೂ ಬರುವುದಿಲ್ಲ. ಇಲ್ಲದ ಬಣ್ಣವನ್ನು ತರುವುದು ಎಲ್ಲಿಂದ? ದೀಪ ಕೊಳ್ಳುವಾಗ ಡಬ್ಬಿಯ ಮೇಲೆ ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆ) 95 ಅಥವಾ ಅದಕ್ಕಿಂತ ಹೆಚ್ಚು ಇದೆಯಾ ನೋಡಿ. ಇಲ್ಲದಿದ್ದರೆ ಕಿಟಕಿಯ ಬೆಳಕೇ ಸಾಕು. ಕ್ಯಾಮೆರಾದ ಮೇಲಿನ ಫ್ಲಾಷನ್ನಂತೂ ಮರೆತುಬಿಡಿ. ಎದುರಿನಿಂದ ಬಿದ್ದ ಬೆಳಕು ಎಲ್ಲ ಉಬ್ಬನ್ನೂ ಚಪ್ಪಟೆ ಮಾಡುತ್ತದೆ.

ನೀರು ಬಿದ್ದರೆ

ಒಣ ತುಕ್ಕಿನ ಮೇಲೆ ಬೆರಳಿನಿಂದ ಒಂದು ಹನಿ ನೀರು ಬಿಡಿ. ಆ ಹನಿ ಹರಡಿದಷ್ಟು ಜಾಗದಲ್ಲಿ ಬಣ್ಣ ಥಟ್ಟನೆ ಗಾಢವಾಗುತ್ತದೆ. ಮಂಕು ಕಂದು ಇದ್ದದ್ದು ಕೆಂಗಂದು ಆಗುತ್ತದೆ. ಒಣ ಪುಡಿಯ ಮೇಲೆ ಬೆಳಕು ಎಲ್ಲ ದಿಕ್ಕಿಗೂ ಚದುರಿ ಒಂದು ಬಿಳಿಚು ಮುಸುಕು ಹಾಕಿರುತ್ತದೆ. ನೀರು ಆ ಸಂದುಗಳನ್ನು ತುಂಬಿ ಮುಸುಕನ್ನು ತೆಗೆಯುತ್ತದೆ. ಅದಕ್ಕೇ ಮಳೆ ನಿಂತ ಕೂಡಲೇ ತುಕ್ಕು ಅಷ್ಟು ಚೆನ್ನಾಗಿ ಕಾಣುವುದು.

ಮಳೆಗೆ ಕಾಯಬೇಕಿಲ್ಲ, ಒಂದು ಸ್ಪ್ರೇ ಬಾಟಲಿ ಚೀಲದಲ್ಲಿಟ್ಟುಕೊಳ್ಳಿ. ಆದರೆ ನಿಮ್ಮದಲ್ಲದ ವಸ್ತುವಿಗೆ ಕೇಳದೆ ನೀರು ಹೊಡೆಯಬೇಡಿ. ಸಂಗ್ರಹಾಲಯದಲ್ಲಿ ಇರುವಂಥದ್ದಕ್ಕಂತೂ ಉಸಿರು ಕೂಡ ಬಿಡಬೇಡಿ.

ಒದ್ದೆಯಾದ ಮೇಲೆ ಹೊಸ ತೊಂದರೆ ಶುರು. ನೀರಿನ ಮೇಲೆ ಆಕಾಶ ಹೊಳೆಯುತ್ತದೆ. ಇಲ್ಲಿ ಪೋಲರೈಸರ್ ಫಿಲ್ಟರ್ ಬೇಕು. ಲೆನ್ಸಿಗೆ ಹಾಕಿ ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಹೊಳಪು ಅಳಿಸಿ ಹೋಗಿ ಕೆಳಗಿನ ಬಣ್ಣ ಮೇಲೆ ಬರುತ್ತದೆ. ನೇರ ಎದುರಿಗೆ ನಿಂತರೆ ಇದು ಕೆಲಸ ಮಾಡುವುದಿಲ್ಲ, ಸ್ವಲ್ಪ ಓರೆಯಾಗಿ ನಿಲ್ಲಿ. ತುಕ್ಕು, ಬಣ್ಣ ಬಳಿದ ಮೈ, ನೀರು, ಇವುಗಳ ಹೊಳಪನ್ನು ಫಿಲ್ಟರ್ ತೆಗೆಯುತ್ತದೆ. ತುಕ್ಕು ಹಿಡಿಯದ, ಬರೀ ಲೋಹ ಕಾಣುವ ಜಾಗದ ಹೊಳಪು ಮಾತ್ರ ಹೋಗುವುದಿಲ್ಲ. ಅದು ಹೋಗದಿರುವುದೇ ಒಳ್ಳೆಯದು ಅನ್ನಿ, ಕಬ್ಬಿಣ ಇನ್ನೂ ಎಲ್ಲಿ ಬದುಕಿದೆ ಅಂತ ಗೊತ್ತಾಗುತ್ತದೆ. ಪೂರ್ತಿ ಹೊಳಪು ಅಳಿಸುವುದೂ ಬೇಡ. ಒಂದು ಚೂರು ಬಿಟ್ಟರೆ ಒದ್ದೆ ಅನ್ನುವುದು ನೋಡುವವರಿಗೆ ತಿಳಿಯುತ್ತದೆ. ಫಿಲ್ಟರ್ ಒಂದರಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ) ಬೆಳಕು ತಿನ್ನುತ್ತದೆ, ಕೈ ಅಲುಗದ ಹಾಗೆ ನೋಡಿಕೊಳ್ಳಿ.

ಒಂದು ಬೋಲ್ಟು, ಅದರ ಕೆಳಗಿನ ಕಲೆ

ಹೊಸಬರು ಇಡೀ ಲಾರಿ, ಇಡೀ ಹಡಗು, ಇಡೀ ಕಾರ್ಖಾನೆ ತೆಗೆಯಲು ಹೊರಡುತ್ತಾರೆ. ನನ್ನ ಮಾತು ಕೇಳಿ, ಒಂದು ಬೋಲ್ಟಿನಿಂದ ಶುರುಮಾಡಿ.

ನೀಲಿ ಬಣ್ಣದ ಒಂದು ಗೇಟು ಇತ್ತು. ಬೋಲ್ಟಿನ ತಲೆಯ ಸುತ್ತ ಬಣ್ಣ ಗುಳ್ಳೆ ಎದ್ದಿತ್ತು. ಒಂದು ಗುಳ್ಳೆ ಒಡೆದು, ಅಂಚು ಒಣಗಿದ ಎಲೆಯ ಹಾಗೆ ಹೊರಕ್ಕೆ ಸುರುಳಿಯಾಗಿತ್ತು. ಒಳಗೆ ಎಳೆ ಕಿತ್ತಳೆ. ಬೋಲ್ಟಿನ ಕೆಳಗೆ ಗೇಣುದ್ದ ಒಂದು ಕಲೆ ಇಳಿದಿತ್ತು. ಶುರುವಿನಲ್ಲಿ ಕಡು ಕಂದು, ಇಳಿಯುತ್ತ ಇಳಿಯುತ್ತ ಅಗಲವಾಗಿ, ಹಳದಿಯಾಗಿ, ನೀಲಿಯಲ್ಲಿ ಎಲ್ಲಿ ಮುಗಿಯಿತು ಅಂತ ಗೊತ್ತಾಗದ ಹಾಗೆ ಕರಗಿತ್ತು. ಪ್ರತಿ ಮಳೆಯೂ ಅದಕ್ಕೆ ಒಂದು ಗೆರೆ ಸೇರಿಸಿರಬೇಕು.

ಇಂಥದ್ದನ್ನು ತೆಗೆಯುವಾಗ ಬೋಲ್ಟನ್ನು ಫ್ರೇಮಿನ ನಡುವೆ ಇಡಬೇಡಿ. ಮೇಲಕ್ಕೆ ಇಟ್ಟು, ಕಲೆ ಇಳಿಯಲು ಕೆಳಗೆ ಜಾಗ ಬಿಡಿ. ಕಲೆ ಮುಗಿದ ಮೇಲೂ ಸ್ವಲ್ಪ ನೀಲಿ ಉಳಿಯಲಿ. ತುಕ್ಕಿನ ಕಲೆಗೆ ದಿಕ್ಕು ಇದೆ, ನೀರು ಹರಿದ ದಿಕ್ಕು ಅದು. ಚೆಂದ ಕಾಣಲಿ ಅಂತ ಫೋಟೋ ತಿರುಗಿಸಿದರೆ ಏನೋ ಸರಿಯಿಲ್ಲ ಅಂತ ನೋಡುವವರ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ.

ನೀಲಿ ಯಾಕೆ ಅಷ್ಟು ಚೆನ್ನಾಗಿತ್ತು ಅಂದರೆ, ಬಣ್ಣದ ಚಕ್ರದಲ್ಲಿ ಕಿತ್ತಳೆಯ ನೇರ ಎದುರಿಗೆ ಇರುವುದು ಅದೇ. ಪಕ್ಕಪಕ್ಕ ಇಟ್ಟರೆ ಎರಡೂ ಗಟ್ಟಿಯಾಗುತ್ತವೆ. ಹಸಿರು ನೀಲಿ, ಬೂದು, ಮಾಸಿದ ಬಿಳಿ, ಪಾಚಿ ಹಸಿರು ಎಲ್ಲ ತುಕ್ಕಿಗೆ ಒಳ್ಳೆಯ ನೆರೆಹೊರೆ. ಕೆಂಪು ಬಣ್ಣ ಬಳಿದ ವಸ್ತುವಿನ ಮೇಲಿನ ತುಕ್ಕು ಮಾತ್ರ ಕಷ್ಟ. ಎರಡೂ ಒಂದೇ ಕಡೆ ಎಳೆಯುತ್ತವೆ.

ಆ ಗೇಟಿಗೆ ಮುಂದಿನ ವಾರ ಒಳ್ಳೆಯ ಬೆಳಕಿನಲ್ಲಿ ಬರೋಣ ಅಂತ ಬಂದುಬಿಟ್ಟೆ. ಮುಂದಿನ ವಾರ ಹೋದರೆ ಉಜ್ಜಿ ಬೆಳ್ಳಿ ಬಣ್ಣ ಬಳಿದಿದ್ದರು. ಮಾಲೀಕರ ಮಟ್ಟಿಗೆ ಅದು ಸರಿಯೇ, ಅಲ್ವಾ? ತುಕ್ಕು ಅವರಿಗೆ ರೋಗ, ನಮಗೆ ಮಾತ್ರ ಚೆಲುವು. ಕಂಡ ದಿನವೇ ಒಂದಾದರೂ ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನೂ ಹತ್ತಿರಕ್ಕೆ

ಮ್ಯಾಕ್ರೋ ಲೆನ್ಸ್ ಇದ್ದರೆ 90ರಿಂದ 105 ಮಿಲಿಮೀಟರ್‌ನದು ಅನುಕೂಲ. ವಸ್ತುವಿನಿಂದ ಸ್ವಲ್ಪ ದೂರ ನಿಲ್ಲಬಹುದು, ನಿಮ್ಮ ನೆರಳು ಬೀಳುವುದಿಲ್ಲ. ಮೊಬೈಲಿನ ಮ್ಯಾಕ್ರೋದಲ್ಲಿ ಇದೇ ಕಷ್ಟ. ಎರಡು ಮೂರು ಸೆಂಟಿಮೀಟರ್ ಹತ್ತಿರ ಹೋದರೆ ಮೊಬೈಲಿನ ನೆರಳೇ ಫೋಟೋ ತುಂಬುತ್ತದೆ. ಅದರ ಬದಲು 2ಎಕ್ಸ್ ಅಥವಾ 3ಎಕ್ಸ್ ಲೆನ್ಸ್ ಹಾಕಿ ಒಂದಡಿ ಹಿಂದೆ ಸರಿದು ತೆಗೆಯಿರಿ.

ಹತ್ತಿರ ಹೋದಷ್ಟೂ ಫೋಕಸ್‌ನ ಆಳ ಕಮ್ಮಿಯಾಗುತ್ತದೆ, ಒಂದು ಚಕ್ಕೆ ಸ್ಪಷ್ಟವಾದರೆ ಅದರ ಪಕ್ಕದ್ದು ಮಸುಕು. ಮೊದಲ ಉಪಾಯ, ಕ್ಯಾಮೆರಾದ ಬೆನ್ನು ಮತ್ತು ತುಕ್ಕಿನ ಮೈ ಒಂದಕ್ಕೊಂದು ಸಮನಾಗಿ ನಿಲ್ಲಿಸುವುದು. ಪಕ್ಕದಿಂದ ಬಗ್ಗಿ ನೋಡಿ ಸರಿಮಾಡಿಕೊಳ್ಳಿ. ಲೆನ್ಸಿನ ತೂತಿನ ಅಳತೆ (ಅಂಕಿ ಏರಿದಷ್ಟೂ ತೂತು ಚಿಕ್ಕದು) ಎಫ್/8ರಿಂದ ಎಫ್/11 ಸಾಕು. ಎಫ್/22ಕ್ಕೆ ಹೋದರೆ ಆಳ ಹೆಚ್ಚುತ್ತದೆ, ಆದರೆ ಬೆಳಕು ಚಿಕ್ಕ ತೂತಿನಲ್ಲಿ ಹರಡಿ ಇಡೀ ಫೋಟೋ ಮೆತ್ತಗಾಗುತ್ತದೆ. ಇಷ್ಟಕ್ಕೂ ಸಾಲದೆ ಹೋದರೆ ಫೋಕಸ್ ಸ್ಟ್ಯಾಕಿಂಗ್ ಮಾಡಿ:

1. ಟ್ರೈಪಾಡ್ ಮೇಲೆ ಕ್ಯಾಮೆರಾ ಕೂರಿಸಿ, ಮ್ಯಾನುಯಲ್ ಮೋಡ್‌ಗೆ ಹಾಕಿ. ಐಎಸ್‌ಒ 100, ಎಫ್/8.
2. ಆಟೋ ಫೋಕಸ್ ಆಫ್ ಮಾಡಿ. ನಿಮಗೆ ಎಲ್ಲಕ್ಕಿಂತ ಹತ್ತಿರ ಇರುವ ಚಕ್ಕೆಯ ತುದಿಗೆ ಫೋಕಸ್ ಮಾಡಿ ಒಂದು ಫೋಟೋ ತೆಗೆಯಿರಿ. 2 ಸೆಕೆಂಡಿನ ಟೈಮರ್ ಇಟ್ಟರೆ ಬಟನ್ ಒತ್ತಿದ ಅಲುಗಾಟ ತಾಗುವುದಿಲ್ಲ.
3. ಫೋಕಸ್ ರಿಂಗನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೊಂದು. ಎಲ್ಲಕ್ಕಿಂತ ಹಿಂದಿನ ಗುಳಿ ಸ್ಪಷ್ಟವಾಗುವವರೆಗೆ ಹೀಗೇ. ಹತ್ತರಿಂದ ಇಪ್ಪತ್ತು ಫೋಟೋ ಆಗಬಹುದು.
4. ಕಂಪ್ಯೂಟರಿನಲ್ಲಿ ಫೋಟೋಶಾಪ್ ಅಥವಾ ಹೆಲಿಕಾನ್ ಫೋಕಸ್‌ನಂಥ ತಂತ್ರಾಂಶದಲ್ಲಿ ಎಲ್ಲವನ್ನೂ ಸೇರಿಸಿ.

ಬೀಗದ ಕೀಲಿ ತೂತನ್ನು ಹೀಗೆ ತೆಗೆದಾಗ ನನಗೆ ಅದು ಬೀಗ ಅಂತಲೇ ಅನಿಸಲಿಲ್ಲ. ಮೇಲಿನಿಂದ ಕಂಡ ಯಾವುದೋ ಬರಡು ಕಣಿವೆಯ ಹಾಗಿತ್ತು. ಇಂಥ ಫೋಟೋಗಳ ಜೊತೆಗೆ ಇಡೀ ವಸ್ತು ಕಾಣುವ ಒಂದು ಸಾದಾ ಫೋಟೋ ಇರಲಿ. ಇಲ್ಲದಿದ್ದರೆ ಆರು ತಿಂಗಳ ಮೇಲೆ ಇದು ಏನು ಅಂತ ನಿಮಗೇ ನೆನಪಿರುವುದಿಲ್ಲ.

ದೊಡ್ಡದು ತೆಗೆಯುವಾಗ

ಹಳೇ ಯಂತ್ರ, ಸೇತುವೆ, ರೈಲು ಡಬ್ಬಿ, ದಡದಲ್ಲಿ ಬಿದ್ದ ದೋಣಿ. ಇವುಗಳಲ್ಲಿ ತುಕ್ಕಿನ ಜೊತೆ ಆಕಾರಕ್ಕೂ ಬೆಲೆ ಕೊಡಬೇಕು. ಮುರಿದ ಹ್ಯಾಂಡಲ್, ಅರ್ಧ ಅಳಿಸಿದ ಅಕ್ಷರ, ಕೈ ತಾಗಿ ಸವೆದ ಜಾಗ, ಇಂಥ ಒಂದನ್ನು ಮುಖ್ಯ ಮಾಡಿಕೊಳ್ಳಿ. ಬರೀ ತುಕ್ಕಿನ ಗೋಡೆ ಎಷ್ಟು ಹೊತ್ತು ನೋಡಲಾದೀತು?

ಬೇಕೆಂದೇ ತುಕ್ಕು ಹಿಡಿಸಿದ ಉಕ್ಕೂ ಇದೆ. ಕಾರ್‌ಟೆನ್ ಅಂತ ಹೆಸರು. ತಾಮ್ರ ಮತ್ತಿತರ ಲೋಹ ಸ್ವಲ್ಪ ಬೆರೆಸಿ ಮಾಡುತ್ತಾರೆ. ಇದರ ಮೇಲೆ ಬರುವ ತುಕ್ಕು ಉದುರುವುದಿಲ್ಲ, ಬಿಗಿಯಾಗಿ ಕೂತು ಒಳಗಿನ ಉಕ್ಕನ್ನು ಕಾಯುತ್ತದೆ. ಇಂಗ್ಲೆಂಡಿನ ಗೇಟ್ಸ್‌ಹೆಡ್ ಬಳಿ 1998ರಲ್ಲಿ ನಿಲ್ಲಿಸಿದ, ಶಿಲ್ಪಿ ಆಂಟನಿ ಗೋರ್ಮ್ಲಿಯವರ 'ಏಂಜೆಲ್ ಆಫ್ ದಿ ನಾರ್ತ್' ಅನ್ನುವ ಪ್ರತಿಮೆ ಇದರಲ್ಲೇ ಮಾಡಿದ್ದು. 20 ಮೀಟರ್ ಎತ್ತರ, ರೆಕ್ಕೆಯ ಅಗಲ 54 ಮೀಟರ್. ಇಂಥ ಉಕ್ಕಿನ ಬಣ್ಣ ಒಂದೇ ಸಮ ಇರುವುದರಿಂದ ಹತ್ತಿರದ ಫೋಟೋ ಅಷ್ಟು ರುಚಿಸುವುದಿಲ್ಲ. ದೂರ ನಿಂತು, ಆಕಾಶದ ಎದುರು ಗೆರೆಗಳನ್ನು ನೋಡಿ.

ನೀರಿನೊಳಗಿನ ತುಕ್ಕಿನ ಕತೆಯೇ ಬೇರೆ. 1912ರಲ್ಲಿ ಮುಳುಗಿ 1985ರಲ್ಲಿ ಪತ್ತೆಯಾದ ಟೈಟಾನಿಕ್ ಹಡಗಿನ ಮೈಯಿಂದ ತುಕ್ಕು ಮಂಜುಗಡ್ಡೆಯ ಕೋಲುಗಳ ಹಾಗೆ ಜೋತುಬಿದ್ದಿದೆ. ಕಬ್ಬಿಣ ತಿನ್ನುವ ಸೂಕ್ಷ್ಮಜೀವಿಗಳ ಕೈವಾಡ ಅದರಲ್ಲಿದೆ. ಅಲ್ಲಿಗೆ ಹೋಗಿ ಫೋಟೋ ತೆಗೆಯುವುದು ನಮ್ಮಂಥವರ ಕೆಲಸ ಅಲ್ಲ ಬಿಡಿ.

ಕಬ್ಬಿಣವೇ ಇಲ್ಲದ ತುಕ್ಕು

ಹೊರಗೆ ಕಾಣುವ ತುಕ್ಕಿನ ಬಣ್ಣವೆಲ್ಲ ಕಬ್ಬಿಣದ್ದಲ್ಲ. ಕೆಲವು ಹೌದು. ಕೆಮ್ಮಣ್ಣು, ಕಾವಿ, ಜಂಬಿಟ್ಟಿಗೆ ಕಲ್ಲು, ಇವುಗಳ ಕೆಂಪು ಹೆಮಟೈಟ್‌ನದು, ಹಳದಿ ಗೊಥೈಟ್‌ನದು. ಆಸ್ಟ್ರೇಲಿಯಾದ ಉಲುರು ಬಂಡೆ ಒಳಗೆ ಬೂದು ಬಣ್ಣ. ಹೊರಮೈಯಲ್ಲಿನ ಕಬ್ಬಿಣದ ಅಂಶ ಗಾಳಿ ಮಳೆಗೆ ಸಿಕ್ಕಿ ಕೆಂಪಾಗಿದೆ. (ಅಲ್ಲಿ ಕೆಲವು ಭಾಗಗಳು ಮೂಲನಿವಾಸಿ ಅನಂಗು ಜನರಿಗೆ ಪವಿತ್ರ. ಅವನ್ನು ಫೋಟೋ ತೆಗೆಯಬೇಡಿ ಅಂತ ಅವರು ಕೇಳಿಕೊಳ್ಳುತ್ತಾರೆ, ನಡೆಸಿಕೊಡಿ.) ಸ್ಪೇನಿನ ರಿಯೋ ಟಿಂಟೊ ನದಿಯ ನೀರು ಕರಗಿದ ಕಬ್ಬಿಣದಿಂದ ಕೆಂಪಗೆ ಹರಿಯುತ್ತದೆ, ಅದು ಹುಳಿಯೂ ಹೌದು.

ಜೌಗು ನೆಲದಲ್ಲಿ, ಒರತೆಯ ಬಳಿ ಕಿತ್ತಳೆ ಲೋಳೆ ಕಂಡಿರಬಹುದು. ಮೇಲೆ ಎಣ್ಣೆ ಚೆಲ್ಲಿದ ಹಾಗೆ ಕಾಮನಬಿಲ್ಲಿನ ಬಣ್ಣ. ಯಾರೋ ಪೆಟ್ರೋಲ್ ಸುರಿದಿದ್ದಾರೆ ಅಂತ ಬೈಯುವ ಮೊದಲು ಒಂದು ಕಡ್ಡಿಯಿಂದ ಆ ಪೊರೆಯನ್ನು ಮುಟ್ಟಿ. ಗಾಜಿನ ಹಾಗೆ ಚೂರು ಚೂರಾಗಿ ಒಡೆದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾಗಳ ಕೆಲಸ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಆ ಒಡೆದ ಚೂರುಗಳನ್ನು ಮೇಲಿನಿಂದ ತೆಗೆದ ಫೋಟೋ ಚೆನ್ನಾಗಿರುತ್ತದೆ. ಇಲ್ಲಿ ಪೋಲರೈಸರ್ ಹಾಕಿದರೆ ಕಾಮನಬಿಲ್ಲು ಮಂಕಾಗಬಹುದು, ತಿರುಗಿಸಿ ನೋಡಿ, ಬೇಡವಾದರೆ ತೆಗೆಯಿರಿ.

ಇನ್ನು ವೇಷಧಾರಿಗಳು. ತೇವದ ನೆರಳಿನಲ್ಲಿ ಮರದ ಕಾಂಡ, ಗೋಡೆ, ಬಂಡೆಗಳ ಮೇಲೆ ಕಿತ್ತಳೆ ಬಣ್ಣದ ಉಣ್ಣೆಯಂಥದ್ದು ಬೆಳೆದಿದ್ದರೆ ಅದು ಟ್ರೆಂಟೆಪೋಲಿಯ ಇರಬಹುದು. ಲೆಕ್ಕಕ್ಕೆ ಅದು ಹಸಿರು ಪಾಚಿಯ ಬಳಗ. ಕ್ಯಾರೆಟ್ಟಿನಲ್ಲಿ ಇರುವಂಥ ಬಣ್ಣದ ಅಂಶ ಹಸಿರನ್ನು ಮುಚ್ಚಿಬಿಟ್ಟಿದೆ. ಬಂಡೆಯ ಮೇಲಿನ ಹಳದಿ ಕಿತ್ತಳೆ ಕಲ್ಲುಹೂವು ಕೂಡ ಹೀಗೇ, ಕಬ್ಬಿಣಕ್ಕೂ ಅದಕ್ಕೂ ಸಂಬಂಧ ಇಲ್ಲ. ತುಕ್ಕು ರೋಗ ಬಂದ ಎಲೆಗಳ ಅಡಿಭಾಗ ತಿರುಗಿಸಿ ನೋಡಿ. ಸಣ್ಣ ಸಣ್ಣ ಗುಳ್ಳೆ, ಮುಟ್ಟಿದರೆ ಬೆರಳಿಗೆ ಕಿತ್ತಳೆ ಪುಡಿ. ಅದು ಶಿಲೀಂಧ್ರದ ಬೀಜಕಣ. ಎಲೆಯನ್ನು ಹಿಂದಿನಿಂದ ಬೆಳಕಿಗೆ ಹಿಡಿದು ತೆಗೆದರೆ ಗುಳ್ಳೆಗಳು ಕಪ್ಪು ಚುಕ್ಕೆಯಾಗಿ, ಸುತ್ತ ಹಳದಿ ಬಳೆಯಾಗಿ ಕಾಣುತ್ತವೆ. ತೋಟದಿಂದ ತೋಟಕ್ಕೆ ಹೋಗುವವರು ಕೈ ತೊಳೆದು ಹೋಗಿ, ರೋಗ ನಿಮ್ಮ ಜೊತೆ ಬರುವುದು ಬೇಡ.

ಒಣಗಿದ ಜರೀಗಿಡ, ಉದುರಿದ ಎಲೆ, ಮರದ ತೊಗಟೆಯೂ ಇದೇ ಬಣ್ಣದ ಕುಟುಂಬ. ಕಬ್ಬಿಣದ ತುಕ್ಕಿಗೂ ಇವಕ್ಕೂ ಒಂದು ವ್ಯತ್ಯಾಸ ಇದೆ. ಎಲೆಯ ಮೂಲಕ ಬೆಳಕು ಹಾಯುತ್ತದೆ, ಕಬ್ಬಿಣದ ಮೂಲಕ ಹಾಯುವುದಿಲ್ಲ. ಎಲೆಗೆ ಹಿಂದಿನ ಬೆಳಕು, ಕಬ್ಬಿಣಕ್ಕೆ ಮಗ್ಗುಲ ಬೆಳಕು. ತುಕ್ಕು ಹಿಡಿದ ತಗಡಿನ ಮೇಲೆ ಒಣ ಎಲೆಯೊಂದು ಬಿದ್ದಿದ್ದರೆ ಯಾವ ಬೆಳಕು ಅಂತ ನೀವೇ ತಲೆಕೆಡಿಸಿಕೊಳ್ಳಿ. ನಾನು ಇನ್ನೂ ಕೆಡಿಸಿಕೊಳ್ಳುತ್ತಿದ್ದೇನೆ.

ಮೈಕೈ ಜೋಪಾನ

ತುಕ್ಕು ತಾಗಿದರೆ ಧನುರ್ವಾಯು ಬರುತ್ತದೆ ಅನ್ನುವ ಮಾತು ಅರ್ಧ ಸತ್ಯ. ರೋಗ ತರುವುದು ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ, ತುಕ್ಕಲ್ಲ. ಆದರೆ ಹೊರಗೆ ಬಿದ್ದ ಹಳೇ ಮೊಳೆಗೆ ಮಣ್ಣು ಮೆತ್ತಿರುತ್ತದೆ, ಚುಚ್ಚಿದರೆ ಗಾಯ ಆಳವಾಗುತ್ತದೆ. ದೊಡ್ಡವರು 10 ವರ್ಷಕ್ಕೊಮ್ಮೆ ಧನುರ್ವಾಯು ತಡೆಯುವ ಚುಚ್ಚುಮದ್ದು ಹಾಕಿಸಿಕೊಳ್ಳುವುದು ರೂಢಿ, ನಿಮ್ಮದು ಯಾವಾಗ ಆಗಿದೆ ನೋಡಿಕೊಳ್ಳಿ. ದಪ್ಪ ಅಡಿಯ ಬೂಟು, ಕೈಗವಸು ಇರಲಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಚೆನ್ನಾಗಿ ಕಾಣಲಿ ಅಂತ ಕೆರೆಯಬೇಡಿ. ತುಕ್ಕು ತಿಂದ ಮೆಟ್ಟಿಲು, ತಗಡಿನ ನೆಲದ ಮೇಲೆ ಕಾಲಿಡಬೇಡಿ. ಗುಜರಿ ರಾಶಿಯ ಸಂದಿಗೆ ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡಿ, ಒಳಗೆ ಹಾವೋ ಕಣಜವೋ ಇರಬಹುದು. ಪಾಳುಬಿದ್ದ ಜಾಗಕ್ಕೂ ಯಾರಾದರೂ ಒಡೆಯರು ಇರುತ್ತಾರೆ, ಕೇಳಿ ಹೋಗಿ. ಒಬ್ಬರೇ ಹೋಗಬೇಡಿ.

ತಿದ್ದುವಾಗ ಕೈ ಹಿಡಿದುಕೊಳ್ಳಿ

ತಿದ್ದುವ ತಂತ್ರಾಂಶದಲ್ಲಿ ಬಣ್ಣದ ತೀವ್ರತೆ ಏರಿಸುವ ಸ್ಯಾಚುರೇಷನ್ ಸ್ಲೈಡರ್ ಮುಟ್ಟಬೇಡಿ. ತುಕ್ಕಿನ ಫೋಟೋ ಹಾಳಾಗುವುದು ಹೆಚ್ಚಾಗಿ ಅಲ್ಲೇ. ಕಂದು ಅಂದರೆ ನಿಜಕ್ಕೂ ಕತ್ತಲಾದ ಕಿತ್ತಳೆ. ಸ್ಯಾಚುರೇಷನ್ ಏರಿಸಿದರೆ ಎಲ್ಲ ಕಂದೂ ಕಿತ್ತಳೆಯ ಕಡೆ ಓಡುತ್ತದೆ, ಬೀಗ ಪ್ಲಾಸ್ಟಿಕ್ಕಿನದು ಅನ್ನಿಸುತ್ತದೆ.

ಮೊದಲು ವೈಟ್ ಬ್ಯಾಲೆನ್ಸ್ ಸರಿಮಾಡಿ. ಆಮೇಲೆ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಸ್ಲೈಡರ್ ಇರುವ ಜಾಗಕ್ಕೆ ಹೋಗಿ. ಅಲ್ಲಿ ಕೆಂಪಿನ ಬೆಳಕನ್ನು ಸ್ವಲ್ಪ ಇಳಿಸಿ, ಹಳದಿಯದನ್ನು ಸ್ವಲ್ಪ ಏರಿಸಿ. ಒಂದಕ್ಕೊಂದು ಅಂಟಿಕೊಂಡಿದ್ದ ಬಣ್ಣಗಳು ಬಿಡಿಸಿಕೊಳ್ಳುತ್ತವೆ. ಸುತ್ತಲಿನ ನೀಲಿಯನ್ನು ಒಂದಿಷ್ಟು ಗಾಢ ಮಾಡಿದರೆ, ತುಕ್ಕನ್ನು ಮುಟ್ಟದೆಯೇ ತುಕ್ಕು ಬೆಳಗುತ್ತದೆ. ಟೆಕ್ಸ್ಚರ್, ಕ್ಲ್ಯಾರಿಟಿ ಸ್ವಲ್ಪ ಸಾಕು. ತುಕ್ಕಿಗೆ ಮೊದಲೇ ಬೇಕಾದಷ್ಟು ಒರಟುತನ ಇದೆ. ಕೆಲಸ ನಿಲ್ಲಿಸಿ ಹತ್ತು ನಿಮಿಷ ಬೇರೆ ಏನಾದರೂ ನೋಡಿ ಬನ್ನಿ. ಬಂದ ಕೂಡಲೇ 'ಅಬ್ಬಾ ಜಾಸ್ತಿಯಾಯ್ತು' ಅನ್ನಿಸಿದರೆ ಜಾಸ್ತಿಯೇ ಆಗಿರುತ್ತದೆ.

ಕಪ್ಪು ಬಿಳುಪು ಮಾಡುವುದಾದರೆ ಕಿತ್ತಳೆ ಸ್ಲೈಡರ್ ಏರಿಸಿದಾಗ ತುಕ್ಕು ಬೆಳ್ಳಗಾಗುತ್ತದೆ, ಇಳಿಸಿದಾಗ ಇದ್ದಿಲಾಗುತ್ತದೆ. ಆಟ ಆಡಲು ಚೆನ್ನಾಗಿದೆ. ಆದರೆ ಬಣ್ಣಕ್ಕಾಗಿ ಹೋದವರು ಅದನ್ನೇ ತೆಗೆದುಹಾಕುವುದು ನನಗಂತೂ ಒಪ್ಪಿಗೆಯಿಲ್ಲ. ಪ್ರಿಂಟ್ ಹಾಕಿಸುವಾಗ ಹೊಳೆಯುವ ಕಾಗದ ಬೇಡ, ಮ್ಯಾಟ್ ತೆಗೆದುಕೊಳ್ಳಿ. ಪರದೆಯ ಮೇಲಿನ ಕಿತ್ತಳೆ ಕಾಗದದ ಮೇಲೆ ಸ್ವಲ್ಪ ಕುಗ್ಗುತ್ತದೆ, ಒಂದು ಸಣ್ಣ ಪ್ರಿಂಟ್ ತೆಗೆಸಿ ನೋಡಿ ಆಮೇಲೆ ದೊಡ್ಡದು ಮಾಡಿಸಿ.

ಜಾಗ ಬಿಡುವ ಮೊದಲು ಟ್ರೈಪಾಡಿನ ಕಾಲು ಒರೆಸಿಕೊಳ್ಳಿ. ತುಕ್ಕಿನ ಪುಡಿ ಹಾರುವ ಕಡೆ ಲೆನ್ಸ್ ಬದಲಾಯಿಸಬೇಡಿ, ಸೆನ್ಸರ್ ಮೇಲೆ ಕೂತರೆ ತೆಗೆಯುವುದು ಕಷ್ಟ. ಬಟ್ಟೆಗೆ ತುಕ್ಕಿನ ಕಲೆ ಆಗೇ ಆಗುತ್ತದೆ. ಅದಕ್ಕೆ ಬ್ಲೀಚ್ ಹಾಕಬೇಡಿ, ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಇಟ್ಟು ತೊಳೆಯಿರಿ. ನಾನಂತೂ ತೊಳೆಯುವ ಗೋಜು ಬಿಟ್ಟಿದ್ದೇನೆ. ಈ ಕೆಲಸಕ್ಕೆ ಅಂತಲೇ ಒಂದು ಬೂದು ಅಂಗಿ ಇಟ್ಟುಕೊಂಡಿದ್ದೇನೆ. ಅದರ ತೋಳಿನ ಮೇಲಿರುವ ಕಲೆ ಆ ನೀಲಿ ಗೇಟಿನದು.